ಒಂದು ಸಹಿ, ಒಂದು ಸೈಕಲ್ ಗೇರ್

ಸೈಕಲ್ಲನ್ನು ನೋಡದವರು ಯಾರಿದ್ದಾರೆ? ಹಾಲಿನ ಕ್ಯಾನು ಹೊತ್ತ ಸೈಕಲ್ ನೋಡಿದ್ದೇವೆ. ಶಾಲೆಗೆ ಹೋಗುವ ಹುಡುಗಿಯರ ಸೈಕಲ್ ನೋಡಿದ್ದೇವೆ. ನಮ್ಮಲ್ಲಿ ಕೆಲವರು ತುಳಿದೂ ಇದ್ದೇವೆ. ಗೇರ್ ಇರುವ ಸೈಕಲ್ಲುಗಳೂ ಈಗ ರಸ್ತೆಯಲ್ಲಿ ಓಡಾಡುತ್ತವೆ.

ಈ ಗೇರನ್ನು ಕಂಡುಹಿಡಿದವರು ಯಾರು? ಅದನ್ನು ಮಾಡಿ ಮಾರುವ ಹಕ್ಕು ಯಾರದು? ಇಂಥ ಪ್ರಶ್ನೆಗಳ ಮೇಲೆ ನೂರು ವರ್ಷದ ಹಿಂದೆಯೇ ತಕರಾರು ಎದ್ದಿತ್ತು. ನಮ್ಮ ಕಾಲದಲ್ಲೂ ಎದ್ದಿದೆ.

ಎಲ್ಲೋ ದೂರದ ದೇಶದ ಸೈಕಲ್ ತಕರಾರು ಕಟ್ಟಿಕೊಂಡು ನಮಗೇನು ಅಂತ ನೀವು ಕೇಳಬಹುದು. ಇದರಲ್ಲಿ ನಮಗೆ ಬೇಕಾದ ಮಾತೊಂದಿದೆ. ಅದು ಸಹಿಯ ಮಾತು. ಸಹಿ ಹಾಕಲು ಕಲಿತವರು ಸಹಿಯ ಬೆಲೆಯನ್ನೂ ತಿಳಿಯಬೇಕು ಅಲ್ಲವೇ?

ಗೇರ್ ಅಂದರೇನು?

ಬಸ್ಸಿನಲ್ಲಿ ಘಟ್ಟ ಹತ್ತುವಾಗ ಡ್ರೈವರನ್ನು ನೋಡಿ. ಏರು ಬಂದ ಕೂಡಲೇ ಆತ ಗೇರ್ ಬದಲಿಸುತ್ತಾನೆ. ಬಸ್ಸಿನ ವೇಗ ಕಡಿಮೆಯಾಗುತ್ತದೆ. ಆದರೆ ಎಳೆಯುವ ಶಕ್ತಿ ಹೆಚ್ಚುತ್ತದೆ. ಸೈಕಲ್ಲಿನ ಗೇರೂ ಅದೇ ಕೆಲಸ ಮಾಡುತ್ತದೆ.

ತಲೆಯ ಮೇಲೆ ನೀರಿನ ಕೊಡ ಹೊತ್ತು ದಿಬ್ಬ ಹತ್ತುವಾಗ ನಾವು ಏನು ಮಾಡುತ್ತೇವೆ? ಸಣ್ಣ ಸಣ್ಣ ಹೆಜ್ಜೆ ಇಡುತ್ತೇವೆ. ಬಯಲಿನಲ್ಲಿ ಬರಿಗೈಲಿ ನಡೆಯುವಾಗ ದೊಡ್ಡ ಹೆಜ್ಜೆ ಹಾಕುತ್ತೇವೆ. ಗೇರ್ ಅಂದರೆ ಸೈಕಲ್ಲಿಗೆ ಸಣ್ಣ ಹೆಜ್ಜೆ, ದೊಡ್ಡ ಹೆಜ್ಜೆ ಕಲಿಸುವ ಉಪಾಯ.

ಹಳೆಯ ಕಾಲದ ಒಂದು ಬಗೆಯ ಗೇರ್ ಹಿಂದಿನ ಚಕ್ರದ ನಡುವೆ, ಹಬ್ಬಿನ ಒಳಗೆ ಅಡಗಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೆ ನಡುವೆ ಒಂದು ಹಲ್ಲುಚಕ್ರ ಇರುತ್ತದೆ. ಅದರ ಸುತ್ತ ಪುಟ್ಟ ಪುಟ್ಟ ಹಲ್ಲುಚಕ್ರಗಳು ಸುತ್ತುತ್ತವೆ. ಇವನ್ನೆಲ್ಲ ಬಳೆಯಂತೆ ಒಂದು ದೊಡ್ಡ ಸುತ್ತು ಆವರಿಸಿರುತ್ತದೆ. ಆ ಬಳೆಗೆ ಒಳಮುಖವಾಗಿ ಹಲ್ಲುಗಳಿರುತ್ತವೆ. ನಡುವಿನದನ್ನು ಸೂರ್ಯ ಅಂತಲೂ, ಸುತ್ತುವ ಪುಟ್ಟ ಚಕ್ರಗಳನ್ನು ಗ್ರಹಗಳು ಅಂತಲೂ ಕರೆಯುತ್ತಾರೆ.

ಇಂಥ ಮೂರು ಗೇರಿನ ಒಂದು ಹಬ್ಬಿನ ಲೆಕ್ಕ ನೋಡಿ. ಚೈನು ಹಿಂದಿನ ಹಲ್ಲುಚಕ್ರವನ್ನು 100 ಸುತ್ತು ಸುತ್ತಿಸಿತು ಅಂತ ಇಟ್ಟುಕೊಳ್ಳಿ. ಏರಿನ ಗೇರಿನಲ್ಲಿ ಹಿಂದಿನ ಚಕ್ರ 75 ಸುತ್ತು ಸುತ್ತುತ್ತದೆ. ಕಾಲಿಗೆ ಹಗುರ. ನಡುವಿನ ಗೇರಿನಲ್ಲಿ 100ಕ್ಕೆ 100 ಸುತ್ತು. ಮೂರನೆಯ ಗೇರಿನಲ್ಲಿ ಸುಮಾರು 133 ಸುತ್ತು. ಸಮತಟ್ಟಾದ ದಾರಿಯಲ್ಲಿ ಸೈಕಲ್ ಬಿರುಸಾಗಿ ಓಡುತ್ತದೆ.

ಪೇಟೆಂಟ್ ಅಂದರೇನು?

ಗೇರಿನ ಮಾತಾಯಿತು. ಈಗ ಪೇಟೆಂಟಿನ ಮಾತು.

ಮನೆ ಕಟ್ಟಲು ನಿವೇಶನ ಕೊಟ್ಟಾಗ ಹಕ್ಕುಪತ್ರ ಕೊಡುತ್ತಾರೆ. ಅದರಲ್ಲಿ ಚಕ್ಕುಬಂದಿ ಬರೆದಿರುತ್ತದೆ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ, ಎಲ್ಲವೂ ಇರುತ್ತದೆ. ಆ ಗಡಿಯ ಒಳಗಿನದು ನಮ್ಮದು. ಹೊರಗಿನದು ನಮ್ಮದಲ್ಲ.

ಪೇಟೆಂಟ್ ಕೂಡ ಒಂದು ಹಕ್ಕುಪತ್ರ. ಆದರೆ ಅದು ಜಮೀನಿಗೆ ಅಲ್ಲ, ಹೊಸ ಉಪಾಯಕ್ಕೆ. ಹೊಸ ಯಂತ್ರ ಕಂಡುಹಿಡಿದವರು ಅದನ್ನು ಮಾಡುವ ಬಗೆಯನ್ನು ಬಿಡಿಸಿ ಬರೆದು ಸರಕಾರಕ್ಕೆ ಕೊಡಬೇಕು. ಗುಟ್ಟು ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಬದಲಾಗಿ ಸರಕಾರ ಇಷ್ಟು ವರ್ಷ ಎಂದು ಹಕ್ಕು ಕೊಡುತ್ತದೆ. ಆ ಅವಧಿಯಲ್ಲಿ ಬೇರೆಯವರು ಅಪ್ಪಣೆಯಿಲ್ಲದೆ ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು. ಇಂದು ನಮ್ಮ ದೇಶದಲ್ಲಿ ಈ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ.

ಪೇಟೆಂಟಿಗೂ ಚಕ್ಕುಬಂದಿ ಇರುತ್ತದೆ. ಅದನ್ನು ಮಾತಿನಲ್ಲಿ ಬರೆದಿರುತ್ತಾರೆ. ಯಾವ ಭಾಗ ಹೊಸದು, ಅದರ ಅಳತೆ ಎಷ್ಟು, ಎಲ್ಲವನ್ನೂ ಬರೆಯಬೇಕು. ಮುಂದೆ ತಕರಾರು ಬಂದಾಗ ಕೋರ್ಟು ನೋಡುವುದು ಆ ಬರಹವನ್ನೇ.

ಪೇಟೆಂಟ್ ಹಕ್ಕನ್ನು ಜಮೀನಿನ ಹಾಗೆಯೇ ಬೇರೆಯವರಿಗೆ ಬರೆದುಕೊಡಬಹುದು. ಮಾರಲೂಬಹುದು. ನಮ್ಮ ಕಥೆ ಶುರುವಾಗುವುದು ಇಲ್ಲಿಂದಲೇ.

ವಿಲಿಯಂ ರೈಲಿಯ ಕಥೆ

ಇಂಗ್ಲೆಂಡಿನಲ್ಲಿ ಸಾಲ್ಫರ್ಡ್ ಎಂಬ ಊರಿದೆ. ಅಲ್ಲಿ ವಿಲಿಯಂ ರೈಲಿ ಎಂಬಾತ ಇದ್ದ. 1896ರಲ್ಲಿ ಆತ ಎರಡು ಗೇರಿನ ಹಬ್ ಒಂದಕ್ಕೆ ಪೇಟೆಂಟ್ ಪಡೆದ. 1898ರಲ್ಲಿ ಅದು ಮಾರಾಟಕ್ಕೆ ಬಂತು. ಅದರ ಹೆಸರು 'ದಿ ಹಬ್'. ಜನ ಅದನ್ನು ಮೆಚ್ಚಿ ಕೊಂಡರು. ಸುಮಾರು ಹತ್ತು ವರ್ಷ ಅದು ತಯಾರಾಯಿತು.

ರೈಲಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. 1902ರ ಹೊತ್ತಿಗೆ ಮೂರು ಗೇರಿನ ಹಬ್ ಒಂದನ್ನು ರೂಪಿಸಿದ. ಅದು ಹಿಂದಿನದಕ್ಕಿಂತ ಮೇಲಾಗಿತ್ತು. ಏರಿಗೆ ಒಂದು, ಬಯಲಿಗೆ ಒಂದು, ಬಿರುಸಾಗಿ ಹೋಗಲು ಒಂದು.

ಇನ್ನೇನು, ಪೇಟೆಂಟಿಗೆ ಅರ್ಜಿ ಹಾಕಿದರೆ ಆಯಿತಲ್ಲ? ಹಾಗಾಗಲಿಲ್ಲ. ಅಡ್ಡಿ ಒಂದಿತ್ತು. ಅದು ರೈಲಿಯೇ ಹಿಂದೆ ಹಾಕಿದ್ದ ಸಹಿ.

'ದಿ ಹಬ್' ತಯಾರಿಸುತ್ತಿದ್ದ ಕಂಪನಿಯ ಜೊತೆ ಆತ ಮೊದಲು ಒಂದು ಕರಾರು ಮಾಡಿಕೊಂಡಿದ್ದ. ಆ ಕರಾರಿನಲ್ಲಿ ಒಂದು ಮಾತಿತ್ತು. ರೈಲಿ ಮುಂದೆ ಕಂಡುಹಿಡಿಯುವ ಗೇರುಗಳ ಹಕ್ಕೂ ಕಂಪನಿಗೇ ಸೇರಬೇಕು ಅನ್ನೋದೇ ಆ ಮಾತು. ಆಗಿನ ಎರಡು ಗೇರಿನ ಹಬ್ ಒಂದೇ ಅಲ್ಲ. ಆತನ ತಲೆಯಲ್ಲಿ ಇನ್ನೂ ಹುಟ್ಟದ ಗೇರುಗಳೂ ಆ ಸಹಿಯೊಳಗೆ ಸೇರಿಬಿಟ್ಟಿದ್ದವು.

ನೋಡಿ, ಇದು ಹೇಗಾಯಿತು? ಈ ವರ್ಷದ ಬೆಳೆಯನ್ನು ಮಾರುವುದು ಬೇರೆ. ಮುಂದೆ ಬೆಳೆಯುವ ಬೆಳೆಯನ್ನೆಲ್ಲ ಈಗಲೇ ಬರೆದುಕೊಡುವುದು ಬೇರೆ. ಕಾಗದದ ಮೇಲೆ ಇವೆರಡಕ್ಕೂ ಇರುವ ವ್ಯತ್ಯಾಸ ಒಂದೇ ಮಾತು: 'ಮುಂದೆ'.

ರೈಲಿ ಅಕ್ಷರ ಬಾರದವನಲ್ಲ. ಯಂತ್ರ ರೂಪಿಸಿ, ಪೇಟೆಂಟ್ ಪಡೆದವನು. ಅಂಥವನೂ ಇಂಥ ಕರಾರಿಗೆ ಸಹಿ ಹಾಕಿದ್ದ. ಆ ಕಂಪನಿಯನ್ನು ಬಿಟ್ಟು ಹೊರಗೆ ಬಂದ ಮೇಲೂ ಸಹಿ ಆತನನ್ನು ಬಿಡಲಿಲ್ಲ.

ಬೇರೆಯವರ ಹೆಸರಿನಲ್ಲಿ

ಆಗ ರೈಲಿ ಒಂದು ದಾರಿ ಹುಡುಕಿದ. ಜೇಮ್ಸ್ ಆರ್ಚರ್ ಎಂಬಾತ ಆತನ ಜೊತೆ ಕೆಲಸ ಮಾಡುತ್ತಿದ್ದ. ಮೂರು ಗೇರಿನ ಪೇಟೆಂಟುಗಳನ್ನು ಆರ್ಚರ್ ಹೆಸರಿನಲ್ಲಿ ಪಡೆದರು. ನಾವು ಬೇನಾಮಿ ಅನ್ನುತ್ತೇವಲ್ಲ, ಹಾಗೆ. ಕಂಡುಹಿಡಿದವನು ಒಬ್ಬ. ಹೆಸರು ಇನ್ನೊಬ್ಬನದು.

ಅದೇ ಸಮಯಕ್ಕೆ ಹೆನ್ರಿ ಸ್ಟರ್ಮಿ ಎಂಬ ಪತ್ರಕರ್ತ ಕೂಡ ಮೂರು ಗೇರಿನ ಹಬ್ ಒಂದನ್ನು ರೂಪಿಸಿದ್ದ. ಆತನಿಗೆ ಸೈಕಲ್ ಲೋಕದಲ್ಲಿ ಒಳ್ಳೆಯ ಹೆಸರಿತ್ತು.

ನಾಟಿಂಗ್‌ಹ್ಯಾಮ್ ಎಂಬ ಊರಿನಲ್ಲಿ ರಾಲಿ ಸೈಕಲ್ ಕಂಪನಿ ಇತ್ತು. ರಾಲಿ ಸೈಕಲ್ಲಿನ ಹೆಸರನ್ನು ನಮ್ಮ ಹಿರಿಯರೂ ಕೇಳಿದ್ದಾರೆ. ಅದರ ಯಜಮಾನ ಫ್ರ್ಯಾಂಕ್ ಬೌಡೆನ್. ಆತ ಸ್ಟರ್ಮಿಯ ಹಕ್ಕನ್ನೂ ಪಡೆದ, ಆರ್ಚರ್ ಹೆಸರಿನಲ್ಲಿದ್ದ ಹಕ್ಕನ್ನೂ ಪಡೆದ. 1903ರಲ್ಲಿ ಮೂರು ಗೇರಿನ ಹಬ್ ಮಾಡಿ ಮಾರಲು ಒಂದು ಕೂಟ ಕಟ್ಟಿದ.

ಎರಡು ಬಗೆಯ ಹಬ್ಬುಗಳಲ್ಲಿ ಮೊದಲು ತಯಾರಾದದ್ದು ಯಾವುದು? ರೈಲಿ ರೂಪಿಸಿದ್ದು. ಆದರೆ ಆ ಹಬ್ಬಿನ ಮೇಲೆ ಅಚ್ಚಾದ ಹೆಸರು ಯಾವುದು? 'ಸ್ಟರ್ಮಿ–ಆರ್ಚರ್'.

ಆ ಹೆಸರು ದೇಶ ದೇಶಗಳಿಗೆ ಹೋಯಿತು. 2000ದಲ್ಲಿ ತೈವಾನ್ ದೇಶದ ಸನ್‌ರೇಸ್ ಕಂಪನಿ ಅದನ್ನು ಕೊಂಡುಕೊಂಡಿತು. ಆಮೇಲೂ ಅದೇ ಹೆಸರಿನಲ್ಲಿ ಹಬ್ಬುಗಳು ಬಂದವು. ಮೊದಲ ಹಬ್ ರೂಪಿಸಿದ ರೈಲಿಯ ಹೆಸರು ಮಾತ್ರ ಅದರ ಮೇಲೆ ಇಲ್ಲ. ಸೈಕಲ್ ಚರಿತ್ರೆ ಹುಡುಕುವವರು ಹಳೆಯ ಸಂಗತಿಗಳನ್ನು ಕೆದಕಿ ನೋಡಿದ್ದರಿಂದ ನಮಗೆ ಆತನ ಹೆಸರು ತಿಳಿಯಿತು.

ಇದರಲ್ಲಿ ಎರಡು ಪಾಠ ಇವೆ. ಓದದೆ, ಯೋಚಿಸದೆ ಹಾಕಿದ ಸಹಿ ಮುಂದಿನ ದುಡಿಮೆಯನ್ನೂ ಕಟ್ಟಿಹಾಕಬಹುದು. ಇನ್ನೊಬ್ಬರ ಹೆಸರಿನಲ್ಲಿ ನಮ್ಮ ಸೊತ್ತು ಇಟ್ಟರೆ ಕಾಗದ ಅವರ ಕಡೆಗೇ ಮಾತಾಡುತ್ತದೆ.

ನಮ್ಮ ಕಾಲದ ತಕರಾರು

ರೈಲಿಯ ಕಾಲದಲ್ಲಿ ಕೈಯಿಂದ ಗೇರ್ ಬದಲಿಸಬೇಕಿತ್ತು. ಈಗ ತಾನೇ ಗೇರ್ ಬದಲಿಸುವ ಸೈಕಲ್ಲುಗಳೂ ಇವೆ. ಒಂದು ಬಗೆಯ ಹಬ್ಬಿನಲ್ಲಿ ಪುಟ್ಟ ತೂಕದ ತುಂಡುಗಳಿರುತ್ತವೆ. ಚಕ್ರ ಜೋರಾಗಿ ಸುತ್ತಿದಾಗ ಅವು ಹೊರಕ್ಕೆ ಸರಿಯುತ್ತವೆ. ಗೇರ್ ತಾನೇ ಬದಲಾಗುತ್ತದೆ. ಇನ್ನೊಂದು ಬಗೆ ಬ್ಯಾಟರಿ ಸೈಕಲ್ಲಿನದು. ಅಮೆರಿಕದ ಸ್ರ್ಯಾಮ್ ಕಂಪನಿ 2023ರಲ್ಲಿ ಅಂಥದ್ದೊಂದನ್ನು ಹೊರತಂದಿತು.

ಇದೇ ಸ್ರ್ಯಾಮ್ ಕಂಪನಿಗೂ ಫಾಕ್ಸ್ ಎಂಬ ಇನ್ನೊಂದು ಅಮೆರಿಕದ ಕಂಪನಿಗೂ ಪೇಟೆಂಟ್ ಜಗಳ ನಡೆಯಿತು. ಅದು ಚೈನು ಬೀಳದ ಹಲ್ಲುಚಕ್ರದ ಜಗಳ.

ಸೈಕಲ್ ಚೈನು ಕಳಚಿ ಬೀಳುವ ಕಷ್ಟ ತುಳಿದವರಿಗೆ ಗೊತ್ತು. ಕೈಯೆಲ್ಲ ಗ್ರೀಸು. ಕಲ್ಲುಮುಳ್ಳಿನ ದಾರಿಯಲ್ಲಿ, ಹಲವು ಗೇರಿನ ಸೈಕಲ್ಲಿನಲ್ಲಿ ಈ ಕಾಟ ಇನ್ನೂ ಹೆಚ್ಚು.

ಚೈನನ್ನು ಒಮ್ಮೆ ಹತ್ತಿರದಿಂದ ನೋಡಿ. ಅದರ ಕೊಂಡಿಗಳು ಎಲ್ಲವೂ ಒಂದೇ ಸಮ ಇರುವುದಿಲ್ಲ. ಒಂದು ಕೊಂಡಿಯ ಒಳಗಿನ ಜಾಗ ಅಗಲ. ಮುಂದಿನದು ಕಿರಿದು. ಮತ್ತೆ ಅಗಲ, ಮತ್ತೆ ಕಿರಿದು. ಆದರೆ ಸಾಮಾನ್ಯ ಹಲ್ಲುಚಕ್ರದ ಹಲ್ಲುಗಳೆಲ್ಲ ಒಂದೇ ದಪ್ಪ. ಅಗಲದ ಜಾಗದಲ್ಲಿ ಹಲ್ಲು ಸಡಿಲವಾಗಿ ಕೂರುತ್ತದೆ.

ಸ್ರ್ಯಾಮ್ ಕಂಪನಿ ಒಂದು ದಪ್ಪ ಹಲ್ಲು, ಒಂದು ತೆಳು ಹಲ್ಲು ಇರುವ ಚಕ್ರ ಮಾಡಿತು. ದಪ್ಪ ಹಲ್ಲು ಅಗಲದ ಜಾಗಕ್ಕೆ. ತೆಳು ಹಲ್ಲು ಕಿರಿದಾದ ಜಾಗಕ್ಕೆ. ಚೈನು ಗಟ್ಟಿಯಾಗಿ ಕೂತಿತು. 2012ರಿಂದ ಅದು ಮಾರುಕಟ್ಟೆಗೆ ಬಂತು. ಆಮೇಲೆ ಅದಕ್ಕೆ ಪೇಟೆಂಟುಗಳೂ ಸಿಕ್ಕವು.

ಫಾಕ್ಸ್ ಕಂಪನಿಗೆ ಸೇರಿದ ರೇಸ್ ಫೇಸ್ ಎಂಬ ಕಂಪನಿ ಕೂಡ ಇಂಥ ಚಕ್ರ ಮಾರುತ್ತಿತ್ತು. ಸ್ರ್ಯಾಮ್ ದಾವೆ ಹಾಕಿತು. ಫಾಕ್ಸ್ ಸುಮ್ಮನಿರಲಿಲ್ಲ. ಪೇಟೆಂಟ್ ಕಚೇರಿಗೆ ಹೋಯಿತು. "ಇದು ಹೊಸದೇನಲ್ಲ. ದಪ್ಪ ಹಲ್ಲು, ತೆಳು ಹಲ್ಲಿನ ಮಾತು ಹಳೆಯ ಕಾಗದಗಳಲ್ಲೇ ಇದೆ" ಎಂಬುದು ಅದರ ವಾದ. 1968ರ ಒಂದು ಅಮೆರಿಕದ ಪೇಟೆಂಟನ್ನೂ ತೋರಿಸಿತು.

ಕೋರ್ಟು ಏನು ಹೇಳಿತು? ಸ್ರ್ಯಾಮ್‌ನ ಎರಡು ಪೇಟೆಂಟುಗಳ ಮೇಲೆ ಎರಡು ತೀರ್ಪು ಬಂದವು.

ಒಂದು ಪೇಟೆಂಟಿನಲ್ಲಿ ಅಳತೆ ಬರೆದಿತ್ತು. ಹಲ್ಲಿನ ಅರ್ಧ ಎತ್ತರದಲ್ಲಿ ನೋಡಿದಾಗ, ದಪ್ಪ ಹಲ್ಲು ಕೊಂಡಿಯ ಜಾಗದಲ್ಲಿ ನೂರಕ್ಕೆ 80 ಪಾಲಾದರೂ ತುಂಬಿರಬೇಕು ಅಂತ ಅದು ಹೇಳುತ್ತಿತ್ತು. ಹಳೆಯ ಕಾಗದದಲ್ಲೂ ಹಲ್ಲು ಜಾಗ ತುಂಬುವ ಅಳತೆ ಇತ್ತು. ಆದರೆ ಅದು ಹಲ್ಲಿನ ಬುಡದ ಅಳತೆ. ಅರ್ಧ ಎತ್ತರದ್ದಲ್ಲ. 2020ರ ಮೇ ತಿಂಗಳಲ್ಲಿ ಕೋರ್ಟು ಈ ಪೇಟೆಂಟನ್ನು ಎತ್ತಿಹಿಡಿಯಿತು.

ಇನ್ನೊಂದು ಪೇಟೆಂಟಿನ ಮುಖ್ಯ ಚಕ್ಕುಬಂದಿಯಲ್ಲಿ ಈ 80 ಪಾಲಿನ ಮಾತು ಇರಲಿಲ್ಲ. "ನಮ್ಮ ಚಕ್ರವನ್ನು ಜನ ಮೆಚ್ಚಿದ್ದಾರೆ, ಆದ್ದರಿಂದ ಇದು ಹೊಸ ಉಪಾಯವೇ" ಎಂಬುದು ಸ್ರ್ಯಾಮ್ ವಾದ. ಜನ ಮೆಚ್ಚಿದ್ದು ಕಾಗದದಲ್ಲಿ ಬರೆದ ಗುಣಕ್ಕಾಗಿಯೋ, ಬರೆಯದ ಗುಣಕ್ಕಾಗಿಯೋ ಎಂಬುದು ಪ್ರಶ್ನೆ. ಹಾಗೇ ಒಪ್ಪಿಕೊಂಡುಬಿಡುವಂತಿಲ್ಲ ಅಂತ ಕೋರ್ಟು 2019ರ ಡಿಸೆಂಬರಿನಲ್ಲಿ ಹೇಳಿತು. ಮತ್ತೆ ಪರಿಶೀಲಿಸಿ ಅಂತ ಅದನ್ನು ವಾಪಸ್ಸು ಕಳಿಸಿತು.

ಗಮನಿಸಿ. ಚಕ್ರ ಅದೇ. ಕಂಪನಿ ಅದೇ. ಒಂದು ಕಾಗದದಲ್ಲಿ ಒಂದು ಅಳತೆ ಬರೆದಿತ್ತು. ಇನ್ನೊಂದರಲ್ಲಿ ಬರೆದಿರಲಿಲ್ಲ. ತೀರ್ಪು ಬೇರೆ ಬೇರೆಯಾಯಿತು.

ಅರಿಸಿನದ ತಕರಾರು

ಹಳೆಯ ಕಾಗದ ತೋರಿಸಿ ಪೇಟೆಂಟನ್ನು ಪ್ರಶ್ನಿಸುವುದು ಸೈಕಲ್ಲಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಅಡುಗೆಮನೆಯ ಅರಿಸಿನಕ್ಕೂ ಹೀಗೇ ಆಯಿತು.

ಗಾಯಕ್ಕೆ ಅರಿಸಿನ ಹಚ್ಚುವುದು ನಮಗೆ ಹೊಸದೇ? ನಮ್ಮ ಅಜ್ಜಿ, ಮುತ್ತಜ್ಜಿ ಕಾಲದಿಂದ ಬಂದದ್ದು. ಆದರೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಇದಕ್ಕಾಗಿ ಪೇಟೆಂಟ್ ಸಿಕ್ಕಿತು.

ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಇದನ್ನು ಪ್ರಶ್ನಿಸಿತು. "ನಮ್ಮ ಅಜ್ಜಿಗೆ ಗೊತ್ತಿತ್ತು" ಅಂದರೆ ಸಾಲುತ್ತಿರಲಿಲ್ಲ. ಬರೆದ ಸಾಕ್ಷಿ ಬೇಕಿತ್ತು. ಮಂಡಳಿ 32 ದಾಖಲೆ ಒದಗಿಸಿತು. ಅವುಗಳಲ್ಲಿ ಹಳೆಯ ಸಂಸ್ಕೃತ ಗ್ರಂಥದ ಮಾತೂ ಇತ್ತು. ಭಾರತದ ವೈದ್ಯರ ಪತ್ರಿಕೆಯೊಂದರಲ್ಲಿ 1953ರಲ್ಲಿ ಅಚ್ಚಾದ ಬರಹವೂ ಇತ್ತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು.

ಅಜ್ಜಿಯ ತಿಳಿವಳಿಕೆ ದೊಡ್ಡದು. ಅದನ್ನು ಯಾರೋ ಬರೆದಿಟ್ಟಿದ್ದರು. ಅದರಿಂದ ಅದು ಉಳಿಯಿತು. ಈಗ ನಮ್ಮ ದೇಶದ ಕಾನೂನಿನಲ್ಲಿ ತಲೆತಲಾಂತರದಿಂದ ಬಂದ ತಿಳಿವಳಿಕೆಗೆ ಯಾರಿಗೂ ಪೇಟೆಂಟ್ ಕೊಡುವಂತಿಲ್ಲ.

ನಾವು ಹೊಸದನ್ನು ಮಾಡಿದರೆ?

ಹೊಸ ಉಪಾಯ ದೊಡ್ಡ ಕಂಪನಿಯವರಿಗೇ ಹೊಳೆಯಬೇಕು ಅಂತೇನಿಲ್ಲ. ಒಲೆಯಲ್ಲೋ, ಮಗ್ಗದಲ್ಲೋ, ರಾಗಿ ಒಕ್ಕುವ ಕಡೆಯೋ ನಮಗೂ ಹೊಳೆಯಬಹುದು. ಆಗ ಮೂರು ಸಂಗತಿ ನೆನಪಿರಲಿ.

ಒಂದು: ಅರ್ಜಿ ಹಾಕುವ ಮೊದಲು ಅದನ್ನು ಸಂತೆಯಲ್ಲಿ ಮಾರಬೇಡಿ, ಪತ್ರಿಕೆಗೆ ಹೇಳಬೇಡಿ. ಎಲ್ಲರಿಗೂ ಗೊತ್ತಾದದ್ದು ಹೊಸದು ಅನ್ನಿಸಿಕೊಳ್ಳುವುದಿಲ್ಲ.

ಎರಡು: ಕರ್ನಾಟಕದವರ ಅರ್ಜಿಗಳನ್ನು ನೋಡುವುದು ಚೆನ್ನೈನ ಪೇಟೆಂಟ್ ಕಚೇರಿ. ಅರ್ಜಿಗೆ ಶುಲ್ಕ ಇರುತ್ತದೆ. ಬರೆಯಲು ತಿಳಿದವರ ನೆರವು ಬೇಕು.

ಮೂರು: ಹಕ್ಕನ್ನು ಬೇರೆಯವರಿಗೆ ಮಾರಿದರೂ ಕಂಡುಹಿಡಿದವರ ಹೆಸರು ಪೇಟೆಂಟಿನಲ್ಲಿ ಇರಲಿ ಅಂತ ಕೇಳಲು ಕಾನೂನಿನಲ್ಲಿ ಅವಕಾಶವಿದೆ.

ಸಹಿ ಹಾಕುವ ಮುನ್ನ

ಪೇಟೆಂಟ್ ನಮಗೆ ಬೇಕಾಗಬಹುದು, ಬೇಡವಾಗಬಹುದು. ಸಹಿಯಂತೂ ದಿನಾ ಬೇಕು. ಸಂಘದ ಸಾಲಕ್ಕೆ ಸಹಿ. ಬ್ಯಾಂಕಿನಲ್ಲಿ ಸಹಿ. ನೆಂಟರ ಸಾಲಕ್ಕೆ ಜಾಮೀನು ಸಹಿ. ತವರಿನ ಆಸ್ತಿಯ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ. "ಏನಿಲ್ಲಕ್ಕಾ, ಸುಮ್ನೆ ಒಂದು ಸಹಿ ಹಾಕು" ಅನ್ನುತ್ತಾರೆ. ಸುಮ್ಮನೆ ಹಾಕುವ ಸಹಿ ಯಾವುದೂ ಇಲ್ಲ. ಆದ್ದರಿಂದ:

ಪೂರ್ತಿ ಓದಿ. ನಿಧಾನವಾಗಿಯಾದರೂ ಸರಿ, ನೀವೇ ಓದಿ. ತಿಳಿಯದಿದ್ದರೆ ನಂಬಿಕೆಯವರಿಂದ ಓದಿಸಿ, ಕೇಳಿ.

ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ನಡುವೆ ಖಾಲಿ ಜಾಗ ಬಿಟ್ಟಿದ್ದರೆ ತುಂಬಿಸಿ, ಇಲ್ಲವೇ ಗೆರೆ ಎಳೆಸಿ.

'ಮುಂದೆ', 'ಎಲ್ಲ', 'ಶಾಶ್ವತವಾಗಿ' ಎಂಬ ಮಾತು ಕಂಡರೆ ಅಲ್ಲೇ ನಿಲ್ಲಿ. ಅದರ ಅರ್ಥ ಏನು ಅಂತ ಕೇಳಿ.

ಬಾಯಲ್ಲಿ ಕೊಟ್ಟ ಮಾತು ಕಾಗದದಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಬರೆಸಿ.

ನಿಮ್ಮದೊಂದು ಪ್ರತಿ ಕೇಳಿ ಪಡೆಯಿರಿ. ಜೋಪಾನವಾಗಿಡಿ.

"ನಾಳೆ ಓದಿ ಹಾಕ್ತೀನಿ" ಅನ್ನಲು ಹಿಂಜರಿಯಬೇಡಿ. ನ್ಯಾಯವಾದ ಕಾಗದ ಒಂದು ದಿನ ಕಾಯುತ್ತದೆ.

ಕಾನೂನಿನ ತೊಡಕು ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ಕೋರ್ಟಿನ ಆವರಣದಲ್ಲಿರುತ್ತದೆ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಆದಾಯ ಎಷ್ಟಿದ್ದರೂ ಈ ಹಕ್ಕು ಇದೆ. 1987ರ ಕಾನೂನೇ ಅದನ್ನು ಕೊಟ್ಟಿದೆ.

ಕೂತು ಮಾತಾಡಿ

1. ರೈಲಿಯ ಕರಾರಿನಲ್ಲಿ ಯಾವ ಮಾತು ಆತನಿಗೆ ಅಡ್ಡಿಯಾಯಿತು?

2. ಮೂರು ಗೇರಿನ ಹಬ್ಬಿನ ಮೇಲೆ ಯಾರ ಹೆಸರು ಬಂತು? ಯಾರ ಹೆಸರು ಬಿಟ್ಟುಹೋಯಿತು?

3. ಅರಿಸಿನದ ಪೇಟೆಂಟ್ ರದ್ದಾಗಲು ಯಾವ ಸಾಕ್ಷಿ ನೆರವಾಯಿತು?

4. ನೀವು ಈಚೆಗೆ ಯಾವ ಕಾಗದಕ್ಕೆ ಸಹಿ ಹಾಕಿದ್ದೀರಿ? ಅದರಲ್ಲಿ ಏನು ಬರೆದಿತ್ತು? ಮನೆಯಲ್ಲಿ ಅದರ ಪ್ರತಿ ಇದ್ದರೆ ನಾಳೆ ತನ್ನಿ. ಎಲ್ಲರೂ ಸೇರಿ ಓದೋಣ.